ಒಂದು ಸಾಲು ಚುಕ್ಕಿ

ನಾನು ನಡೆಯುವಾಗ ಹೆಜ್ಜೆ ಎಣಿಸುತ್ತೇನೆ. ಆರೋಗ್ಯದ ಕಾಳಜಿ ಎಂದು ತಿಳಿಯಬೇಡಿ. ಈಗ ಪಾರ್ಕಿಗೆ ಬರುವ ಅರ್ಧ ಜನ ಮಣಿಕಟ್ಟಿಗೆ ಪಟ್ಟಿಯೊಂದನ್ನು ಬಿಗಿದುಕೊಂಡು, ಅದು ಗುರ್ರೆಂದು ನಡುಗಿದ ಕೂಡಲೇ ದಿನದ ಕೋಟಾ ಮುಗಿಯಿತೆಂದು ಬೆಂಚಿನ ಮೇಲೆ ಕುಳಿತುಬಿಡುತ್ತಾರೆ. ನನ್ನದು ಅದಕ್ಕಿಂತ ಹಳೆಯ ಕಾಯಿಲೆ. ಸಂಜಯನಗರದ ನಮ್ಮ ಗೇಟಿನಿಂದ ಹಾಲಿನ ಬೂತಿಗೆ ಇನ್ನೂರ ಹನ್ನೊಂದು ಹೆಜ್ಜೆ. ಬೂತಿನಿಂದ ಬಸ್ ಸ್ಟಾಪಿಗೆ ನೂರ ನಲವತ್ತು. ದಾರಿಯಲ್ಲಿ ಯಾರಾದರೂ "ಏನ್ ಸಾರ್ ಸಮಾಚಾರ?" ಎಂದರೆ ತಕ್ಷಣ ಉತ್ತರ ಕೊಡುವುದಿಲ್ಲ, ಎಣಿಕೆ ಎಲ್ಲಿಗೆ ಬಂತೆಂದು ಬೆರಳು ಮಡಿಚಿಕೊಂಡು ಆಮೇಲೆ ಮಾತಾಡುತ್ತೇನೆ. ನಮ್ಮ ರಸ್ತೆಯ ಕೊನೆಮನೆಯವರು ನನಗೆ ಕಿವಿ ಮಂದವೆಂದು ತೀರ್ಮಾನಿಸಿ ವರ್ಷಗಳಾದವು. ಈಚೆಗೆ ಅವರು ನನ್ನ ಹತ್ತಿರ ಕೂಗಿಯೇ ಮಾತಾಡುತ್ತಾರೆ.

ಹೆಂಡತಿ ಸರೋಜನಿಗೆ ಇದು ಮೊದಲಿನಿಂದಲೂ ತಮಾಷೆ. ನಾನು ಹೊರಗಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ, "ಎಷ್ಟಾಯ್ತು ಇವತ್ತು?" ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ. ಅವಳು ನಗುತ್ತಾಳೆ. ಮದುವೆಯಲ್ಲಿ ಸಪ್ತಪದಿ ತುಳಿಯುವಾಗ ನಾನು ಏಳು ಹೆಜ್ಜೆಯನ್ನು ಅಡಿಗೆ ಪರಿವರ್ತಿಸಿ "ಹದಿನೇಳೂವರೆ" ಎಂದು ಗೊಣಗಿದೆನಂತೆ. ಪುರೋಹಿತರು ಅದ್ಯಾವ ಮಂತ್ರವೆಂದು ಕೇಳಿದರಂತೆ. ಇದರಲ್ಲಿ ಅರ್ಧ ಅವಳೇ ಸೇರಿಸಿದ್ದು. ಉಳಿದರ್ಧ ನಿಜವಿರಬಹುದು, ಏಕೆಂದರೆ ನನ್ನ ಹೆಜ್ಜೆ ಆಗಲೂ ಈಗಲೂ ಸರಿಯಾಗಿ ಎರಡೂವರೆ ಅಡಿ.

ನಾನು ಸರ್ವೆಯರ್ ಆಗಿದ್ದವನು. ಸರ್ಕಾರದ ಪರವಾಗಿ ಜಮೀನು ಅಳೆದು, ಪುಸ್ತಕದಲ್ಲಿ ಬರೆದು, ನಕ್ಷೆ ಎಳೆಯುವ ಕೆಲಸ. ನಾನು ಸೇರಿದಾಗ ಅಳತೆಗೆ ಇದ್ದದ್ದು ಕಬ್ಬಿಣದ ಸರಪಳಿ. ಒಂದು ಸರಪಳಿ ಎಂದರೆ ಮೂವತ್ಮೂರು ಅಡಿ, ಅದರಲ್ಲಿ ಹದಿನಾರು ಪಾಲು, ಒಂದೊಂದು ಪಾಲಿಗೆ ಒಂದು ಆಣೆ. ನಾಣ್ಯದ ಆಣೆ ದೇಶ ಬಿಟ್ಟು ಹೋದರೂ ಸರಪಳಿಯ ಆಣೆ ನಮ್ಮ ಕೈಯಲ್ಲಿ ಬಹಳ ಕಾಲ ಉಳಿದಿತ್ತು. ಸರಪಳಿಗೆ ಎರಡು ಹಿಡಿ. ಹಿಂದಿನ ಹಿಡಿ ನನ್ನ ಕಡೆ, ಮುಂದಿನ ಹಿಡಿ ಚನ್ನಪ್ಪನ ಕಡೆ.

ಚನ್ನಪ್ಪ ಯಲಹಂಕದ ಆಚೆಯ ಒಂದು ಹಳ್ಳಿಯವನು. ಹಳ್ಳಿಯ ಹೆಸರು ಬೇಡ. ಈಗ ಅದು ಲೇಔಟಿನ ಬೋರ್ಡುಗಳ ಮೇಲೆ ಮಾತ್ರ ಇದೆ, ಅದೂ ಇಂಗ್ಲಿಷಿನಲ್ಲಿ. ಇಲಾಖೆಯ ನೌಕರನಲ್ಲ, ಅಳತೆ ಇದ್ದ ದಿನ ಕರೆದರೆ ಬರುವ ಆಳು. ನನಗಿಂತ ಎಂಟು ವರ್ಷ ದೊಡ್ಡವನು. ಆದರೂ ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನ್ನನ್ನು "ಸಾಮಿ" ಎನ್ನುತ್ತಿದ್ದ. ಅದು ಅಂದಿನ ರೂಢಿ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಬರೆಯಲು ಕುಳಿತರೆ ಕೈ ಮತ್ತೆ "ಅವನು" ಎಂದೇ ಬರೆಯುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಹೆಜ್ಜೆ ಎಣಿಕೆಯ ಜಂಬ ಬಹಳ. ಸರಪಳಿ ಬಿಚ್ಚುವ ಮೊದಲೇ ಹೊಲದ ಬದುವಿನ ಮೇಲೆ ಬಿರಬಿರನೆ ನಡೆದು, ಇಷ್ಟು ಹೆಜ್ಜೆ, ಅಂದರೆ ಇಷ್ಟು ಅಡಿ ಎಂದು ಘೋಷಿಸಿಬಿಡುತ್ತಿದ್ದೆ. ಒಂದು ದಿನ ಚನ್ನಪ್ಪ ಹೆಗಲ ಮೇಲೆ ಮಡಿಚಿದ ಸರಪಳಿ ಹೊತ್ತುಕೊಂಡು ನನ್ನ ಹಿಂದೆಯೇ ಅದೇ ಬದುವಿನ ಮೇಲೆ ಬಂದ. ನನ್ನದು ಎಂಬತ್ತಾದರೆ ಅವನದು ನೂರ ಹತ್ತು.

"ಅದೆಂಗಯ್ಯ ಅಷ್ಟಾಗುತ್ತೆ?" ಎಂದೆ.

"ಬರಿಗೈ ಎಜ್ಜೆ ಬ್ಯಾರೆ, ಒರೆ ಒತ್ತ ಎಜ್ಜೆ ಬ್ಯಾರೆ ಸಾಮಿ," ಎಂದ. "ನೀವು ಯಾವ್ದುನ್ನ ಬುಕ್ಕಲ್ಲಿ ಬರ್ಕೊಂಡ್ರಿ?"

ನಾನು ಬುಕ್ಕು ಮುಚ್ಚಿ ಸರಪಳಿ ಬಿಚ್ಚು ಎಂದೆ.

ಅದೇ ವರ್ಷ ಅವನ ಊರಿನ ಮರು ಅಳತೆ ನನ್ನ ಪಾಲಿಗೆ ಬಂತು. ಊರಿನಿಂದ ಸ್ಮಶಾನಕ್ಕೆ ಒಂದು ಕಾಲುದಾರಿ ಇತ್ತು. ರಾಗಿ ಹೊಲಗಳ ನಡುವೆ ಹಾದು, ಒಂದು ಹೊಂಗೆಮರದ ಹತ್ತಿರ ಸ್ವಲ್ಪ ಬಾಗಿ ಮುಂದೆ ಹೋಗುತ್ತಿತ್ತು. ಮರದ ಬುಡದಲ್ಲಿ ಮೊಣಕಾಲೆತ್ತರದ ಚಪ್ಪಟೆ ಕಲ್ಲೊಂದಿತ್ತು. ನಾನು ಗಡಿಕಲ್ಲೆಂದು ಬರೆಯಲು ಹೊರಟೆ. ಚನ್ನಪ್ಪ ತಡೆದ. ಅದು ಚಟ್ಟ ಇಳಿಸುವ ಕಲ್ಲು. ಊರಿನಲ್ಲಿ ಯಾರು ಸತ್ತರೂ ಹೊತ್ತವರು ಅಲ್ಲಿಯವರೆಗೆ ಬಂದು ಚಟ್ಟ ಇಳಿಸುತ್ತಾರೆ. ನಾಲ್ಕು ಕಾಳು ಅಕ್ಕಿ ಹಾಕಿ, ಮನೆಯವರು ಸತ್ತವರಿಗೆ ಕೊನೆಯ ಮಾತು ಹೇಳುತ್ತಾರೆ. ಆಮೇಲೆ ಚಟ್ಟದ ದಿಕ್ಕು ತಿರುಗಿಸಿ, ಹೆಗಲು ಬದಲಾಯಿಸಿ, ಬೇರೆಯವರು ಎತ್ತುತ್ತಾರೆ.

"ಅಲ್ಲೀಗಂಟ ಅವ್ರು ನಮ್ಮೋರು ಸಾಮಿ," ಎಂದ ಚನ್ನಪ್ಪ. "ಆ ಕಲ್ಲಿಂದ ಆಚೀಕೆ ಅವ್ರು ದೊಡ್ಡೋರು. ಅಲ್ಲಿ ಇಳಿಸ್ನಿಲ್ಲ ಅಂದ್ರೆ ಸತ್ತೋರ್ಗೇ ಗೊತ್ತಾಗಾಕಿಲ್ಲ, ತಾವು ಓಗಿದ್ದೀವಿ ಅಂತ."

ಕಲ್ಲಿನಿಂದ ಸ್ಮಶಾನದ ಬೇಲಿಗೆ ನಾವಿಬ್ಬರೂ ಸರಪಳಿ ಹಿಡಿದೆವು. ಹದಿಮೂರು ಸರಪಳಿ, ಹತ್ತು ಆಣೆ. ನನ್ನ ಲೆಕ್ಕಕ್ಕೆ ನೂರ ಎಂಬತ್ತು ಹೆಜ್ಜೆ. ಅದನ್ನು ಅಳತೆ ಪುಸ್ತಕದಲ್ಲಿ ಬರೆದು, ನಕ್ಷೆಯಲ್ಲಿ ಕಾಲುದಾರಿಯನ್ನು ಗುರುತಿಸಿದೆ. ನಮ್ಮ ನಕ್ಷೆಗಳಲ್ಲಿ ಕಾಲುದಾರಿಗೆ ಗೆರೆ ಇಲ್ಲ; ಒಂದು ಸಾಲು ಚುಕ್ಕಿ. ಬಂಡಿದಾರಿಯಾದರೆ ಎರಡು ಸಾಲು. ಕಪ್ಪು ಮಸಿಯಲ್ಲಿ ಪೆನ್ನಿನ ತುದಿಯನ್ನು ನೇರ ಹಿಡಿದು, ಉಸಿರು ಬಿಗಿಹಿಡಿದು ಒಂದೊಂದೇ ಚುಕ್ಕಿ ಇಟ್ಟೆ. ಚೆನ್ನಾಗಿಯೇ ಬಂದಿತ್ತು.

ಚುಕ್ಕಿಗೂ ನನಗೂ ಅದಕ್ಕಿಂತ ಹಳೆಯ ಸಂಬಂಧ. ನಾನು ಹುಡುಗನಾಗಿದ್ದಾಗ ನಮ್ಮ ಮನೆ ಗಂಗಾನಗರದಲ್ಲಿತ್ತು. ಆಗ ಅದು ಊರಿನ ಅಂಚು. ಹಿತ್ತಿಲ ಬಾಗಿಲು ತೆರೆದರೆ ಹೆಬ್ಬಾಳದ ಕಡೆಯ ಗದ್ದೆಗಳಿಂದ ಕಪ್ಪೆಗಳ ಸದ್ದು ಬರುತ್ತಿತ್ತು. ಶಾಲೆಯಲ್ಲಿ ಭಾರತದ ನಕ್ಷೆ ಬರೆದು ತರಲು ಹೇಳಿದ್ದರು. ಟ್ರೇಸಿಂಗ್ ಕಾಗದ ಕೊಳ್ಳುವ ಮಾತೇ ಇಲ್ಲ. ಅಮ್ಮನ ಕಣ್ಣು ತಪ್ಪಿಸಿ ಒಗ್ಗರಣೆ ಎಣ್ಣೆಯನ್ನು ಬಿಳಿಹಾಳೆಗೆ ಸವರಿ, ಅದು ಪಾರದರ್ಶಕವಾದ ಮೇಲೆ ಅಟ್ಲಾಸಿನ ಮೇಲಿಟ್ಟು ಗೆರೆ ಎಳೆದೆ. ಕೇರಳದ ಎಡಕ್ಕೆ ಸಮುದ್ರದಲ್ಲಿ ಕೆಲವು ಚುಕ್ಕಿಗಳಿದ್ದವು. ನಮ್ಮ ಅಡುಗೆಮನೆಯಲ್ಲಿ ಬಿದ್ದಿರುವ ಪುಸ್ತಕಗಳ ಮೇಲೆ ನೊಣ ಕೂರುವುದನ್ನು ಬಲ್ಲವನಾದ್ದರಿಂದ ನೊಣದ ಕೆಲಸವೆಂದು ಬಿಟ್ಟುಬಿಟ್ಟೆ. ಮಾರನೆಯ ದಿನ ಮೇಷ್ಟ್ರು ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಎಣ್ಣೆ ವಾಸನೆಗೆ ಮೂಗು ಸಿಂಡರಿಸಿ, ನನ್ನ ಕಿವಿ ಹಿಂಡಿದರು.

"ಲಕ್ಷದ್ವೀಪ ಎಲ್ಲೋ?"

"ಅದು ಕೊಳೆ ಅಂದ್ಕೊಂಡೆ ಸಾರ್."

"ಅಲ್ಲೂ ಜನ ಇದಾರೆ ಕಣೋ, ಬೃಹಸ್ಪತಿ," ಎಂದರು ಮೇಷ್ಟ್ರು. ಇಡೀ ತರಗತಿ ನಕ್ಕಿತು. ಹುಡುಗರು ಆ ವರ್ಷವೆಲ್ಲ ನನ್ನನ್ನು ದ್ವೀಪ ಎಂದು ಕರೆದರು.

ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳದಿಂದಾಚೆಗೆ ಭೂಮಿ ನಿಂತ ಕಡೆ ನಿಲ್ಲಲಿಲ್ಲ. ಬೆಳಗ್ಗೆ ದ್ರಾಕ್ಷಿ ತೋಟವಾಗಿದ್ದದ್ದು ಮಧ್ಯಾಹ್ನಕ್ಕೆ ಕೆಂಪು ಮಣ್ಣಾಗಿರುತ್ತಿತ್ತು. ನಮ್ಮ ಕಚೇರಿಯಲ್ಲಿ ಅರ್ಜಿಗಳು ಕಟ್ಟುಕಟ್ಟಾಗಿ ಬಿದ್ದವು. ಇದ್ದ ನಾವು ನಾಲ್ಕು ಜನ ಹಗಲೆಲ್ಲ ಅಳೆದರೂ ಮುಗಿಯುವಂತಿರಲಿಲ್ಲ. ಆಗ ಬಂತು ಸರ್ಕಾರಿ-ಖಾಸಗಿ ಸಹಭಾಗಿತ್ವ. ಹಳೆಯ ನಕ್ಷೆಗಳನ್ನೆಲ್ಲ ಒಂದು ಖಾಸಗಿ ಕಂಪನಿ ಕಂಪ್ಯೂಟರಿಗೆ ಇಳಿಸಿ, ಉಪಗ್ರಹದ ಚಿತ್ರದ ಮೇಲೆ ಕೂರಿಸಿ, ಹೊಸ ನಕ್ಷೆ ಮಾಡಿಕೊಡುವುದು. ನಾವು ಪರಿಶೀಲಿಸಿ ಸಹಿ ಹಾಕುವುದು. ನಮಗೆಲ್ಲ ಎರಡು ದಿನದ ತರಬೇತಿ ಇತ್ತು. ಗೋಡಂಬಿ ಬಿಸ್ಕತ್ತು, ಹವಾನಿಯಂತ್ರಿತ ಕೋಣೆ. ಮೇಲಧಿಕಾರಿಯೊಬ್ಬರು ಬಂದು, "ಅವ್ರು ಕೈ, ನಾವು ಕಣ್ಣು. ಸೇರಿದ್ರೆ ಒಂದು ದೇಹ" ಎಂದು ಭಾಷಣ ಮಾಡಿದರು. ನಾವು ಚಪ್ಪಾಳೆ ತಟ್ಟಿದೆವು. ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಗಿತ್ತು. ಮೂವತ್ತು ವರ್ಷ ಮುಳ್ಳುಬೇಲಿ ದಾಟಿ ದಾಟಿ ಮಂಡಿ ಸವೆದವನಿಗೆ ಕುರ್ಚಿಯ ಮೇಲೆ ಕೂತು ಕಣ್ಣಾಗಿರುವುದು ಕೆಟ್ಟ ಕೆಲಸವೇನಲ್ಲ.

ಕಂಪನಿಯ ಕಚೇರಿ ಯಶವಂತಪುರದಲ್ಲಿ, ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ನಮ್ಮ ಹೋಬಳಿಯ ನಕ್ಷೆಗಳನ್ನು ನೋಡಿಕೊಳ್ಳುತ್ತಿದ್ದವಳು ದಿವ್ಯಾ ಎಂಬ ಹುಡುಗಿ. ಚುರುಕು, ಸಭ್ಯಸ್ಥೆ, ನನ್ನ ಮಗಳ ವಯಸ್ಸು. ನಾನು ಮೌಸನ್ನು ಮೇಜಿನ ಅಂಚಿನವರೆಗೂ ಓಡಿಸಿ ಇನ್ನು ಜಾಗವಿಲ್ಲವೆಂದು ಕುಳಿತಾಗ, ಅದನ್ನು ಎತ್ತಿ ಮತ್ತೆ ನಡುವಿಗೆ ಇಡಬಹುದು ಎಂದು ನಗದೆ ಕಲಿಸಿದವಳು ಅವಳು. ಹೊಸ ನಕ್ಷೆಯಲ್ಲಿ ಎಲ್ಲವೂ ಪದರ ಪದರವಾಗಿ ಇರುತ್ತದೆ ಎಂದಳು. ಸರ್ವೆ ನಂಬರುಗಳದು ಒಂದು ಪದರ, ಕೆರೆಕಾಲುವೆಗಳದು ಒಂದು, ಕಟ್ಟಡಗಳದು ಒಂದು. ಬೇಕಾದ್ದನ್ನು ತೆರೆಯಬಹುದು, ಬೇಡದ್ದನ್ನು ಮುಚ್ಚಬಹುದು. ಮನೆಗೆ ಬಂದು ಸರೋಜನಿಗೆ ಚಿರೋಟಿಯ ಉದಾಹರಣೆ ಕೊಟ್ಟು ವಿವರಿಸಿದೆ. ಅವಳು ಚಿರೋಟಿ ಮಾಡಲಿಲ್ಲ.

ಚನ್ನಪ್ಪನ ಊರಿನ ಹಾಳೆ ನನ್ನ ಮೇಜಿಗೆ ಬಂದದ್ದು ಒಂದು ದೊಡ್ಡ ಕಂತೆಯ ನಡುವೆ. ಪರಿಶೀಲನೆ ಎಂದರೆ ಏನು ಮಾಡುತ್ತಿದ್ದೆವು ಎಂಬುದನ್ನು ಹೇಳಬೇಕು. ಪ್ರತಿ ಸರ್ವೆ ನಂಬರಿಗೂ ಹಳೆಯ ದಾಖಲೆಯಲ್ಲಿ ಇಷ್ಟು ಎಕರೆ ಇಷ್ಟು ಗುಂಟೆ ಎಂದಿರುತ್ತದೆ. ಹೊಸ ನಕ್ಷೆಯಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿದ ವಿಸ್ತೀರ್ಣ ಅದಕ್ಕೆ ತಾಳೆಯಾದರೆ ಸರಿ, ಮುಂದಿನದು. ಅದೇ ನಮ್ಮ ವಿದ್ಯೆ. ಆ ಹಾಳೆಯಲ್ಲಿ ಎಲ್ಲವೂ ಗುಂಟೆಗೆ ಗುಂಟೆ ತಾಳೆಯಾಯಿತು. ಕಂಪನಿಯ ಕೆಲಸ ಎಷ್ಟು ಸ್ವಚ್ಛ ಎಂದು ಮೆಚ್ಚಿಕೊಂಡೇ ಸಹಿ ಹಾಕಿದೆ.

ಅಂತಿಮ ಮಾಡುವ ಮೊದಲು ಕರಡು ನಕ್ಷೆಯನ್ನು ಊರಿನ ಶಾಲೆಯ ಗೋಡೆಗೆ ಅಂಟಿಸಿ ಆಕ್ಷೇಪಣೆ ಕರೆಯುವುದು ನಿಯಮ. ಅದನ್ನು ನೋಡಿ ಚನ್ನಪ್ಪ ಒಂದು ದಿನ ಕಚೇರಿಗೆ ಬಂದ. ಅವನಿಗೆ ಅಕ್ಷರ ಬಾರದು. ನಕ್ಷೆ ಮಾತ್ರ ನನಗಿಂತ ಚೆನ್ನಾಗಿ ಓದುತ್ತಿದ್ದ.

"ಸಾಮಿ, ನಮ್ ದಾರಿ ಕಾಣ್ತಿಲ್ಲ."

"ಯಾವ ದಾರಿ?"

"ಅದೇ, ನೀವು ಚುಕ್ಕಿ ಇಟ್ರಲ್ಲ."

ನಾನು ತಲೆ ಎತ್ತಿದ ನೆನಪಿಲ್ಲ. "ಅದು ಬೇರೆ ಪದರದಲ್ಲಿ ಬರುತ್ತಪ್ಪ," ಎಂದೆ. "ಕಾಲುದಾರಿಗೆ ವಿಸ್ತೀರ್ಣ ಇರಲ್ಲ. ಇದ್ರಲ್ಲಿ ಲೆಕ್ಕ ಎಲ್ಲಾ ತಾಳೆ ಆಗಿದೆ. ಈಗಿನದು ಹಿಂದಿನ ಥರ ಅಲ್ಲ, ಕಂಪ್ಯೂಟರು."

"ನೀವು ನೋಡಿದ್ದೀರಲ್ಲ, ಅಷ್ಟು ಸಾಕು ಸಾಮಿ," ಎಂದು ಹೊರಟುಹೋದ. ಕಾಫಿ ಕುಡಿದು ಹೋಗು ಎಂದೂ ನಾನು ಹೇಳಲಿಲ್ಲ. ಆ ಹೊತ್ತಿಗೆ ಇನ್ನೊಂದು ಹಾಳೆಯ ಗುಂಟೆಗಳನ್ನು ಕೂಡುತ್ತಿದ್ದೆ.

ಮೆಟ್ರೋ ನಾಗಸಂದ್ರದವರೆಗೆ ಓಡಾಡಲು ಶುರುವಾದ ವರ್ಷ ಚನ್ನಪ್ಪನ ಹೆಂಡತಿ ಗೌರಮ್ಮ ತೀರಿಕೊಂಡರು. ಅಳತೆಗೆ ಹೋದಾಗಲೆಲ್ಲ ನನಗೆ ಮುದ್ದೆ, ಬಸ್ಸಾರು ಬಡಿಸಿದ ಕೈ ಅದು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಚಟ್ಟ ಎತ್ತಿಯಾಗಿತ್ತು. ಊರಿನ ಹಿಂದಿನ ದಾರಿಯಲ್ಲಿ ತಮಟೆಯ ಸದ್ದು ಕೇಳಿ ಅತ್ತ ನಡೆದೆ. ಸದ್ದು ಇದ್ದಕ್ಕಿದ್ದಂತೆ ನಿಂತಿತು.

ರಾಗಿ ಹೊಲ ಇದ್ದ ಕಡೆ ಆಳೆತ್ತರದ ಕಾಂಪೌಂಡು ಎದ್ದಿತ್ತು. ಹೊಸ ಗೋಡೆ, ಇನ್ನೂ ಸುಣ್ಣ ಬಳಿದಿರಲಿಲ್ಲ. ಚಟ್ಟ ಹೊತ್ತವರು ಅದರ ಎದುರು ನಿಂತಿದ್ದರು. ಎತ್ತಿದ ಹೆಣ ಹಿಂದಕ್ಕೆ ತಿರುಗುವಂತಿಲ್ಲ, ಮುಂದೆ ದಾರಿಯಿಲ್ಲ. ಲೇಔಟ್ ಮಾಡಿದ್ದವನು ಮುನಿರಾಜು, ಅದೇ ಊರಿನ ರೈತರ ಮನೆಯವನು, ಚನ್ನಪ್ಪನಿಗೆ ದೂರದ ತಮ್ಮ. ಜನ ಅವನ ಮೇಲೆ ಕೂಗಾಡುತ್ತಿದ್ದರು. ಅವನು ಕೆಟ್ಟವನಂತೆ ಕಾಣಲಿಲ್ಲ, ಬೆವರುತ್ತಿದ್ದ. ಕಾರಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಹಾಳೆ ತಂದು ಎಲ್ಲರ ಮುಂದೆ ಹಿಡಿದ.

"ನಾನೇನ್ ಒತ್ತುವರಿ ಮಾಡಿದೀನೇನ್ರಣ್ಣ? ನೋಡ್ರಿ, ಗೌರ್ಮೆಂಟ್ ಮ್ಯಾಪು. ಇದ್ರಲ್ಲಿ ದಾರಿ ಎಲ್ಲಿದೆ ತೋರಿಸ್ರಿ. ಇದ್ನ ನೋಡಿನೇ ಪ್ಲಾನ್ ಪಾಸಾಗಿರೋದು. ಸೈಟ್‌ಗಳು ಮಾರಿ ಆಗೋಯ್ತು."

ಹಾಳೆ ಕೈಯಿಂದ ಕೈಗೆ ಹೋಗಿ ಚನ್ನಪ್ಪನ ಹತ್ತಿರ ಬಂತು. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ. ದಾರಿಯನ್ನು ಹುಡುಕುತ್ತಿದ್ದಾನೆ ಎಂದುಕೊಂಡೆ. ಅವನ ಬೆರಳು ಕೆಳಗಿನ ಮೂಲೆಗೆ ಹೋಗಿ ನಿಂತಿತು. ಮೂವತ್ತು ವರ್ಷ ಪ್ರತಿ ಅಳತೆಯ ಕೊನೆಗೆ ನಾನು ಬುಕ್ಕನ್ನು ಅವನ ಬೆನ್ನಿನ ಮೇಲೆ ಇಟ್ಟುಕೊಂಡೇ ಸಹಿ ಹಾಕಿದ್ದೆ. ಅಕ್ಷರ ಬಾರದಿದ್ದರೂ ಆ ಗೀಚು ಅವನಿಗೆ ಗೊತ್ತಿತ್ತು.

"ಇದು ನಿಮ್ದೇ ಅಲ್ವಾ ಸಾಮಿ?" ಎಂದು ಕೇಳಿದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೌದು ಎಂದೆ. ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಪಟ್ಟದ್ದು ಬೇರೆ ಇಲ್ಲ.

ಕೊನೆಗೆ ವ್ಯಾನು ತರಿಸಿದರು. ಗೌರಮ್ಮನನ್ನು ಅದರಲ್ಲಿ ಮಲಗಿಸಿ, ಹೆದ್ದಾರಿಯ ಸರ್ವೀಸ್ ರಸ್ತೆ ಹಿಡಿದು, ಮುಂದೆಲ್ಲೋ ಇದ್ದ ತಿರುವಿನಲ್ಲಿ ಹೊರಳಿ, ಸ್ಮಶಾನದ ಇನ್ನೊಂದು ಬದಿಗೆ ಕರೆದುಕೊಂಡು ಹೋದರು. ವಿಮಾನಕ್ಕೆ ಹೋಗುವ ಕಾರುಗಳು ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದವು. ತಮಟೆಯವರಿಗೆ ವ್ಯಾನಿನಲ್ಲಿ ಜಾಗವಿರಲಿಲ್ಲ. ಚಟ್ಟ ಇಳಿಸುವ ಕಲ್ಲು ಆ ಗೋಡೆಯ ಒಳಗೇ ಉಳಿಯಿತು.

ಮಣ್ಣು ಮಾಡಿದ ಮೇಲೆ ಚನ್ನಪ್ಪ ನನ್ನ ಪಕ್ಕ ಬಂದು ಕುಳಿತ. "ಅವ್ಳುನ್ನ ಇಳಿಸ್ಲೇ ಇಲ್ಲ ಸಾಮಿ," ಎಂದ. "ಏನೂ ಏಳಾಕೂ ಆಗ್ಲಿಲ್ಲ. ಓಗಿದೀನಿ ಅಂತ ಅವ್ಳಿಗೆ ಎಂಗ್ ಗೊತ್ತಾಗ್ಬೇಕು?" ಮತ್ತೆ, "ನನ್ನಾದ್ರೂ ಆ ದಾರೀಲಿ ತಕ್ಕಂಡ್ ಓಗಂಗೆ ಮಾಡಿ. ಕಲ್ಲತ್ರ ಇಳಿಸಿದ್ರೆ ನಾನೇ ಓಗಿ ಅವ್ಳಿಗೆ ಏಳ್ತೀನಿ," ಎಂದ. ನಾನು ಆಗಲಿ ಎಂದೆ. ಹೇಗೆ ಎಂದು ಗೊತ್ತಿರಲಿಲ್ಲ.

ಮಾರನೆಯ ದಿನ ಯಶವಂತಪುರಕ್ಕೆ ಹೋದೆ. ದಿವ್ಯಾ ಹಳೆಯ ನಕ್ಷೆಯ ಸ್ಕ್ಯಾನ್ ತೆಗೆದಳು. ನನ್ನ ಚುಕ್ಕಿಗಳು ಅದರಲ್ಲಿ ಇದ್ದವು. ಹೊಸದರಲ್ಲಿ ಇರಲಿಲ್ಲ. ಅವಳು ಒಂದೆರಡು ಕಡತ ತೆರೆದು ನೋಡಿ ಸಪ್ಪಗಾದಳು.

"ಸರ್, ಹಳೇ ಹಾಳೆ ಅಲ್ವಾ, ಕಲೆ, ಧೂಳು ತುಂಬಾ ಇರುತ್ತೆ. ಅದಕ್ಕೆ ಮೊದ್ಲು ಕ್ಲೀನ್ ಮಾಡೋ ಸಾಫ್ಟ್‌ವೇರ್ ಓಡಿಸ್ತೀವಿ. ಸಣ್ಣ ಸಣ್ಣ ಚುಕ್ಕಿ ಎಲ್ಲಾ ಹೋಗ್ಬಿಡುತ್ತೆ."

"ಅದು ಧೂಳಲ್ಲಮ್ಮ, ದಾರಿ."

"ಗೊತ್ತಾಯ್ತು ಸರ್. ಆದ್ರೆ ದಾರಿಗಳ ಪದರ ನಿಮ್ ಇಲಾಖೆನೇ ಕೊಡುತ್ತೆ ಅಂತ ನಮ್ಗೆ ಹೇಳಿದ್ರು. ನಾವು ಅದಕ್ಕೆ ಕಾಯ್ತಾ ಇದ್ವಿ."

ನಾವು ಅವರು ಕೊಡುತ್ತಾರೆ ಎಂದು ಕಾಯುತ್ತಿದ್ದೆವು. ನಾನು ಕಿವಿ ಮುಟ್ಟಿಕೊಂಡೆ. ಅಷ್ಟು ವರ್ಷದ ಮೇಲೂ ಮೇಷ್ಟ್ರು ಹಿಂಡಿದ ಜಾಗ ಹಾಗೇ ಇತ್ತು.

ತಪ್ಪು ಗೊತ್ತಾದ ಮೇಲೆ ತಿದ್ದುವುದು ಸುಲಭ ಎಂದು ನೀವು ತಿಳಿದಿದ್ದರೆ, ನಿಮಗೆ ಕಚೇರಿಯ ಅಭ್ಯಾಸವಿಲ್ಲ. ತಿದ್ದುಪಡಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ಅರ್ಜಿಯ ಮೊದಲ ಕಲಂ, ನಿಮ್ಮ ಸರ್ವೆ ನಂಬರು. ಅದನ್ನು ತುಂಬದೆ ಎರಡನೆಯ ಕಲಂ ತೆರೆಯುವುದಿಲ್ಲ. ಕಾಲುದಾರಿಗೆ ನಂಬರಿಲ್ಲ, ಯಜಮಾನನಿಲ್ಲ. ಊರಿನವರೆಲ್ಲರದಾದ್ದರಿಂದ ಯಾರೂ ಅರ್ಜಿ ಹಾಕುವಂತಿರಲಿಲ್ಲ. ಕಂಪನಿಯವರು ಇಲಾಖೆ ಸಹಿ ಮಾಡಿದೆ ಎಂದರು. ಇಲಾಖೆಯವರು ಕಂಪನಿ ಬರೆದದ್ದು ಎಂದರು. ಎರಡೂ ನಿಜವೇ. ತಿಂಗಳುಗಟ್ಟಲೆ ಓಡಾಡಿದೆ. ಕೊನೆಗೆ ಒಂದೇ ಬಾಗಿಲು ಕಂಡಿತು. ಪರಿಶೀಲಿಸಿದ ಅಧಿಕಾರಿಯೇ ತನ್ನ ಪರಿಶೀಲನೆ ತಪ್ಪೆಂದು ಬರೆದುಕೊಟ್ಟರೆ ಹಾಳೆಯನ್ನು ಮತ್ತೆ ತೆರೆಯಬಹುದು.

ಬರೆದೆ. ನಿವೃತ್ತಿಗೆ ಒಂದು ವರ್ಷ ಇತ್ತು. ಸಹೋದ್ಯೋಗಿಗಳು, "ಯಾಕ್ ಗುರು, ಹೋಗೋ ಟೈಮಲ್ಲಿ ಇಲ್ಲದ ಉಸಾಬರಿ?" ಎಂದರು. ಸರೋಜನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, "ಚನ್ನಪ್ಪನವರು ಬಂದು ಹೇಳಿದ್ರೂ ನಾನು ಕೇಳಲಿಲ್ಲ ಅನ್ನೋದನ್ನ ಬರೆದೇ ಇಲ್ವಲ್ಲ," ಎಂದಳು. ಅದನ್ನೂ ಸೇರಿಸಿದೆ. ವಿವರಣೆ ಕೇಳಿ ನನಗೊಂದು ನೋಟಿಸು ಬಂತು. ಮರು ಅಳತೆಗೆ ಆದೇಶವೂ ಬಂತು.

ಅಳತೆಯ ದಿನ ಹೋದವರು ಮೂವರು. ದಿವ್ಯಾಳ ಕೈಯಲ್ಲಿ ತುದಿಗೆ ಅಣಬೆಯಂಥದ್ದು ಕೂತಿದ್ದ ಉದ್ದನೆಯ ಕಂಬ; ಅದು ಆಕಾಶದ ಉಪಗ್ರಹಗಳನ್ನು ಕೇಳಿ ಜಾಗ ಹೇಳುತ್ತದೆ. ನನ್ನ ಕೈಯಲ್ಲಿ ಹಳೆಯ ಅಳತೆ ಪುಸ್ತಕ. ಚನ್ನಪ್ಪ ಬರಿಗೈಯಲ್ಲಿ ಬಂದ, ಮೊದಲಿಗಿಂತ ಸಣಕಲಾಗಿದ್ದ. ಅವತ್ತು ನಾನು ನಿಶ್ಚಯ ಮಾಡಿಕೊಂಡು, "ನೀವು ಮುಂದೆ ನಡೀರಿ ಚನ್ನಪ್ಪ," ಎಂದೆ.

ಅವನು ಗಾಬರಿಯಾಗಿ ನಿಂತ. "ಯಾಕ್ ಸಾಮಿ, ನನ್ ಮ್ಯಾಲೆ ಕ್ವಾಪವಾ?"

"ಇಲ್ಲ ಮಾರಾಯ, ನಡಿ," ಎಂದೆ. ಅವನಿಗೆ ಸಮಾಧಾನವಾಯಿತು.

ಹೊಂಗೆಮರ ಇರಲಿಲ್ಲ. ಮಣ್ಣು ತುಂಬಿ ನೆಲವೂ ಎರಡಡಿ ಮೇಲೆದ್ದಿತ್ತು. ಚನ್ನಪ್ಪ ಒಮ್ಮೆ ಊರಿನ ಗುಡಿಯ ತುದಿಯ ಕಡೆ, ಒಮ್ಮೆ ಸ್ಮಶಾನದ ಕಡೆ ತಿರುಗಿ ನೋಡುತ್ತಾ ನಡೆದು, ಕಟ್ಟಡದ ಕಸ ಸುರಿದಿದ್ದ ಒಂದು ರಾಶಿಯ ಬಳಿ ನಿಂತ. ಇಟ್ಟಿಗೆ ಚೂರು, ಸಿಮೆಂಟಿನ ಹಳೆ ಚೀಲಗಳನ್ನು ಸರಿಸಿ ಅಗೆಸಿದೆವು. ಕಲ್ಲು ಅಲ್ಲೇ ಇತ್ತು. ಚನ್ನಪ್ಪ ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸಿದ. ದಿವ್ಯಾ ಕಂಬ ಊರಿ ಬಿಂದು ತೆಗೆದುಕೊಂಡಳು. ಮುಂದೆ ಚನ್ನಪ್ಪ ನಡೆದು ನಿಂತ ಕಡೆಯೆಲ್ಲ ಒಂದೊಂದು ಬಿಂದು. ಕಲ್ಲಿನಿಂದ ಸ್ಮಶಾನದ ಬೇಲಿಗೆ ಅವಳ ಯಂತ್ರ ಹೇಳಿದ ಉದ್ದವನ್ನು ಸರಪಳಿಗೆ ಇಳಿಸಿ ನೋಡಿದೆ. ಹದಿಮೂರು ಸರಪಳಿ, ಹತ್ತು ಆಣೆ, ಮೇಲೊಂದು ಮೂರು ಬೆರಳು. ದಿವ್ಯಾ ನನ್ನ ಹಳೆಯ ಪುಸ್ತಕವನ್ನು ತೆಗೆದುಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದಳು.

ಮುನಿರಾಜು ಸೈಟುದಾರರನ್ನು ಕರೆದುಕೊಂಡು ಬಂದಿದ್ದ. ಜಗಳ ಮಾಡುತ್ತಾನೆಂದು ನಾನು ಸಿದ್ಧನಾಗಿಯೇ ನಿಂತಿದ್ದೆ. ಅವನು ಆ ಕಲ್ಲನ್ನು ನೋಡಿ, "ನಮ್ಮಪ್ಪನ್ನೂ ಇಲ್ಲೇ ಇಳಿಸಿದ್ದು ಕಣಣ್ಣ," ಎಂದ ಚನ್ನಪ್ಪನಿಗೆ. "ದಾರಿ ನಂಗೇನ್ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಮ್ಯಾಪಲ್ಲಿ ಇಲ್ವಲ್ಲ, ಇನ್ನೇನು ಅಂದ್ಕೊಂಡ್ಬಿಟ್ಟೆ." ಎಲ್ಲ ಸೇರಿ ಮಾತಾಡಿದ ಮೇಲೆ ಸೈಟುಗಳ ನಡುವೆ ಕಿರಿದಾದ ಓಣಿಯೊಂದು ಉಳಿಯಿತು. ಅದರ ಅಗಲ ಎಷ್ಟಿರಬೇಕೆಂಬುದಕ್ಕೆ ದಾಖಲೆಯಿರಲಿಲ್ಲ, ಚುಕ್ಕಿಗೆ ಅಗಲವಿಲ್ಲ. ಚಟ್ಟ ಹೊತ್ತ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಎಂದು ಚನ್ನಪ್ಪ ಎರಡು ಕೈ ಚಾಚಿ ತೋರಿಸಿದ. ಅಷ್ಟನ್ನೇ ಬರೆದುಕೊಂಡೆವು. ನಾನು ನಿವೃತ್ತನಾಗುವ ಮುನ್ನ ಹೊಸ ಹಾಳೆ ಬಂತು. ಅದರ ಮೂಲೆಯಲ್ಲಿ ಸಹಿ ಹಾಕುವಾಗ ಚನ್ನಪ್ಪನ ಬೆನ್ನು ಇರಲಿಲ್ಲ, ಮೇಜಿನ ಮೇಲಿಟ್ಟೇ ಹಾಕಿದೆ.

ಈ ವರ್ಷ, ಯುಗಾದಿ ಕಳೆದು ಕೆಲವು ದಿನಕ್ಕೆ ಚನ್ನಪ್ಪ ಹೋದ. ಮುನಿರಾಜುವೇ ಫೋನ್ ಮಾಡಿದ. ಈ ಸಲ ತಡವಾಗಬಾರದೆಂದು ಬಸ್ಸಿಗೂ ಕಾಯದೆ ಆಟೋ ಹಿಡಿದು ಹೋದೆ.

ಓಣಿಯೊಳಗೆ ಚಟ್ಟ ಹೊಕ್ಕಿತು. ಹೊತ್ತವರ ತೋಳು ಎರಡೂ ಕಡೆಯ ಗೋಡೆಗೆ ತಾಗುತ್ತಿತ್ತು. ಮಹಡಿಯ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿತ್ತು. ಯಾರೋ ಕಿಟಕಿ ಮುಚ್ಚಿಕೊಂಡರು. ಕಲ್ಲಿನ ಹತ್ತಿರ ಚಟ್ಟ ಇಳಿಸಿದರು. ಮಗಳು ಅಕ್ಕಿಕಾಳು ಹಾಕಿ, "ಓಗ್ಬಾ ಅಪ್ಪಯ್ಯ, ಅವ್ವುಂಗೆ ಏಳು," ಎಂದಳು. ದಿಕ್ಕು ತಿರುಗಿಸಿದರು. ಹೆಗಲು ಬದಲಾಗುವಾಗ ಮುನಿರಾಜು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ನಾನು ಹಿಂದಿನ ಬಿದಿರಿಗೆ ಹೆಗಲು ಕೊಟ್ಟೆ. ಎಂದಿನಂತೆ ಚನ್ನಪ್ಪ ಮುಂದೆ, ನಾನು ಹಿಂದೆ.

ಸ್ಮಶಾನದಿಂದ ಮನೆಗೆ ಬಂದಾಗ ಸರೋಜ ಬಾಗಿಲ ಹೊರಗೆ ಬಕೆಟ್ಟಿನಲ್ಲಿ ನೀರು, ಟವೆಲು ಇಟ್ಟಿದ್ದಳು. ಚಪ್ಪಲಿ ಬಿಟ್ಟೆ. ಅವಳು ಏನೂ ಕೇಳಲಿಲ್ಲ.

"ಇನ್ನೂರ ಅರವತ್ಮೂರು," ಎಂದೆ.

ಕಲ್ಲಿನಿಂದ ಬೇಲಿಗೆ ನೂರ ಎಂಬತ್ತು ಎಂದು ನಾನು ಬರೆದದ್ದು ಅವಳಿಗೂ ಗೊತ್ತಿತ್ತು. ಅವಳು ನಗಲಿಲ್ಲ. ಚೊಂಬಿನಲ್ಲಿ ನೀರು ತೆಗೆದು ನನ್ನ ಕಾಲ ಮೇಲೆ ಹಾಕಿದಳು.